ಯಾರದೋ ದಾವೆ, ನಮ್ಮ ಕೈಯಲ್ಲಿ ಸಾಕ್ಷಿ



ಎರಡು ಮಳೆಗಾಲದ ಹಿಂದಿನ ಮಾತು. ನಮ್ಮ ಸಂಘದ ಸದಸ್ಯರೊಬ್ಬರು ರಾತ್ರಿ ಪಾಳಿ ಮುಗಿಸಿ ಖೋಲಿಗೆ ಹೊರಟಿದ್ದಾಗ ಟೆಂಪೋ ಬಡಿದು ಅವರ ಕಾಲು ಮುರಿಯಿತು. ಇಪ್ಪತ್ತು ವರ್ಷ ಟೇಬಲಿನಿಂದ ಟೇಬಲಿಗೆ ಓಡಾಡಿ, ಊರಿನಲ್ಲಿದ್ದ ನಾಲ್ಕು ಜನರ ಹೊಟ್ಟೆ ಹೊರೆದ ಕಾಲು ಅದು. ಟೆಂಪೋದವನು ತನ್ನ ಗಾಡಿ ಆ ಗಲ್ಲಿಗೆ ಬಂದೇ ಇರಲಿಲ್ಲವೆಂದ. ಆದರೆ ಗಲ್ಲಿಯ ಮೂಲೆಯಲ್ಲಿ ಒಂದು ಹೋಟೆಲಿದೆ. ಅದರ ಬಾಗಿಲ ಮೇಲೆ ಕ್ಯಾಮೆರಾ ಇದೆ. ಗಾಡಿಯೂ ಅದರ ನಂಬರೂ ಆ ಚಿತ್ರದಲ್ಲಿ ಸ್ಪಷ್ಟವಾಗಿ ಬಿದ್ದಿದ್ದವು. ಗಲ್ಲಾದಲ್ಲಿ ಕುಳಿತವರು ನಮ್ಮ ಕಡೆಯವರೇ. ಮರುದಿನ ಬೆಳಿಗ್ಗೆ ಅವರೇ ಅದನ್ನು ತಿರುಗಿಸಿ ನೋಡಿದ್ದರು.

ಮೂರನೆಯ ದಿನ ಗಾಯಾಳುವಿನ ವಕೀಲರಿಂದ ಹೋಟೆಲಿಗೆ ಪತ್ರ ಬಂತು: ಆ ರಾತ್ರಿಯ ಚಿತ್ರವನ್ನು ಅಳಿಸದೆ ಕಾಪಾಡಿ ಇಡಿ ಎಂದು. ಗಲ್ಲಾದವರು ಅದನ್ನು ಓದಿಸಿದರು, ಹೆದರಿದರು, ಬಿಲ್ಲು ಪುಸ್ತಕದ ಅಡಿಗೆ ತಳ್ಳಿದರು. ನಾವು ಹೋಗಿ ಕೇಳಿದಾಗ, "ಎಂತ ಮಾರಾಯ್ರೇ, ಯಾರದೋ ದಾವೆಗೆ ನಾವು ಯಾಕೆ ಕೋರ್ಟಿನ ಮೆಟ್ಟಿಲು ಹತ್ತುವುದು?" ಎಂದರು. ನಾಲ್ಕು ತಿಂಗಳ ಮೇಲೆ ಅಪಘಾತ ಪರಿಹಾರ ನ್ಯಾಯಮಂಡಳಿಯಿಂದ ಸಮನ್ಸು ಬರುವ ಹೊತ್ತಿಗೆ ಯಂತ್ರವು ಹಳೆಯ ಚಿತ್ರದ ಮೇಲೆ ಹೊಸ ಚಿತ್ರ ಬರೆದುಕೊಂಡು ಎಷ್ಟೋ ದಿನವಾಗಿತ್ತು. ಕೊಡುವುದಕ್ಕೆ ಏನೂ ಉಳಿದಿರಲಿಲ್ಲ. ಆ ಸದಸ್ಯರ ಅರ್ಜಿ ಇಂದಿಗೂ ಇತ್ಯರ್ಥವಾಗದೆ ಎಳೆಯುತ್ತಿದೆ. ಅವರು ಕೋಲೂರಿ ನಡೆಯುತ್ತಿದ್ದಾರೆ.

ಗಲ್ಲಾದವರನ್ನು ದೂಷಿಸುವುದಕ್ಕಾಗಿ ನಾವು ಇದನ್ನು ಬರೆಯುತ್ತಿಲ್ಲ. ನಾವೂ ಏಳನೆಯ ತರಗತಿ ಮುಗಿಸಿ ಬಸ್ಸು ಹತ್ತಿ ಬಂದು ಲೋಟ ತೊಳೆದವರೇ. ಅಂದು ನಾವು ಆ ಗಲ್ಲಾದಲ್ಲಿ ಇದ್ದಿದ್ದರೆ ನಾವೂ ಅದನ್ನೇ ಮಾಡುತ್ತಿದ್ದೆವೋ ಏನೋ. ಕೋರ್ಟಿನ ಕಾಗದವೆಂದರೆ ನಮಗೆ ಅವಮಾನದ ಕಾಗದ. ಅದರಲ್ಲೂ ಇಂಗ್ಲಿಷಿನಲ್ಲೋ ಮರಾಠಿಯಲ್ಲೋ ಬಂದರೆ ಕೈ ನಡುಗುತ್ತದೆ. ಆದರೆ ಹೆದರಿಕೆಯಿಂದ ಬಚ್ಚಿಟ್ಟ ಆ ಒಂದು ಕಾಗದವು ನಮ್ಮವನೇ ಒಬ್ಬನ ಅನ್ನ ಕಿತ್ತುಕೊಂಡಿತು. ಆದುದರಿಂದಲೇ ಈ ವಿಷಯವನ್ನು ಬಿಡಿಸಿ ಹೇಳುವುದು ನಮ್ಮ ಕರ್ತವ್ಯವೆಂದು ತಿಳಿದಿದ್ದೇವೆ.

ಇದು ಯಾವ ಕಾಗದ?

ಇಬ್ಬರ ನಡುವೆ ದಾವೆ ನಡೆಯುತ್ತದೆ. ಒಬ್ಬ ವಾದಿ, ಇನ್ನೊಬ್ಬ ಪ್ರತಿವಾದಿ. ಆದರೆ ಸತ್ಯವನ್ನು ತೋರಿಸುವ ವಸ್ತು ಅನೇಕ ಸಲ ಇಬ್ಬರ ಕೈಯಲ್ಲೂ ಇರುವುದಿಲ್ಲ, ಮೂರನೆಯವನ ಕೈಯಲ್ಲಿರುತ್ತದೆ. ಹಿಂದೆ ಅದು ಗುಮಾಸ್ತನ ಖಾತೆ ಪುಸ್ತಕವಾಗಿತ್ತು. ಈಗ ಅದು ಹೋಟೆಲಿನ ಸಿಸಿಟಿವಿ ಪೆಟ್ಟಿಗೆ, ಬಿಲ್ಲಿನ ಯಂತ್ರ, ಬೆರಳು ಒತ್ತುವ ಹಾಜರಿ ಯಂತ್ರ, ಸಂಘದ ವಾಟ್ಸಾಪ್ ಗುಂಪು, ನಮ್ಮ ಜೇಬಿನ ಮೊಬೈಲು. ಈ ಮೂರನೆಯವನಿಗೆ, "ನಿನ್ನಲ್ಲಿರುವುದನ್ನು ತಂದು ತೋರಿಸು" ಎಂದು ಕೋರ್ಟು ಕಳುಹಿಸುವ ಆಜ್ಞೆಯೇ ಈ ಸಮನ್ಸು. ಇದು ಬಂತೆಂದರೆ ನಮ್ಮ ಮೇಲೆ ಖಟ್ಲೆ ಬಿತ್ತು ಎಂದು ಅರ್ಥವಲ್ಲ. ನಾವು ತಪ್ಪು ಮಾಡಿದ್ದೇವೆ ಎಂದೂ ಅರ್ಥವಲ್ಲ.

ಇದರ ನಿಯಮಗಳು 1908ರ ಸಿವಿಲ್ ಪ್ರಕ್ರಿಯಾ ಸಂಹಿತೆಯ 16ನೆಯ ಆದೇಶದಲ್ಲಿವೆ. ಅಪಘಾತ ಪರಿಹಾರ ಮಂಡಳಿಗೂ ಸಾಕ್ಷಿಗಳನ್ನು ಕರೆಸುವ, ದಾಖಲೆ ತರಿಸುವ ಇದೇ ಅಧಿಕಾರವಿದೆ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮವು 'ದಾಖಲೆ' ಎಂಬ ಮಾತಿನಲ್ಲಿ ವಿದ್ಯುನ್ಮಾನ ದಾಖಲೆಯನ್ನೂ ಸೇರಿಸಿದೆ. ಆದ್ದರಿಂದ, "ಕಾಗದವಿದ್ದರೆ ಕೊಡಬಹುದಿತ್ತು, ಇದು ಬರೀ ಚಿತ್ರ" ಎನ್ನುವಂತಿಲ್ಲ.

ವಕೀಲರ ಪತ್ರ ಬೇರೆ, ಕೋರ್ಟಿನ ಸಮನ್ಸು ಬೇರೆ

ನಮ್ಮವರು ಹೆಚ್ಚಾಗಿ ಎಡವುವುದು ಇಲ್ಲಿಯೇ. ಅಮೆರಿಕದಲ್ಲಿ ಇಂತಹ ಆಜ್ಞೆಗೆ ಸಬ್‌ಪೀನಾ ಎನ್ನುತ್ತಾರೆ; ಅಲ್ಲಿನ ಫೆಡರಲ್ ಕೋರ್ಟುಗಳಲ್ಲಿ ವಕೀಲರೇ ಅದಕ್ಕೆ ಸಹಿ ಹಾಕಿ ಹೊರಡಿಸಬಹುದು. ನಮ್ಮ ದೇಶದಲ್ಲಿ ಹಾಗಿಲ್ಲ. ಇಲ್ಲಿ ಪಕ್ಷಗಾರನು ಅರ್ಜಿ ಕೊಡಬೇಕು, ಕೋರ್ಟು ಒಪ್ಪಬೇಕು, ಕೋರ್ಟಿನ ಮೊಹರಿನೊಡನೆ ಸಮನ್ಸು ಹೊರಡಬೇಕು. ವಕೀಲರು ಬರೆದ ಪತ್ರಕ್ಕೆ, ಅದರ ತಲೆಯಲ್ಲಿ ಎಷ್ಟು ದೊಡ್ಡ ಅಕ್ಷರದ ಹೆಸರಿದ್ದರೂ, ನಮ್ಮಿಂದ ದಾಖಲೆಯನ್ನು ಕಿತ್ತುಕೊಳ್ಳುವ ಅಧಿಕಾರವಿಲ್ಲ.

ಹಾಗೆಂದು ಆ ಪತ್ರವನ್ನು ಬಿಲ್ಲು ಪುಸ್ತಕದ ಅಡಿಗೆ ತಳ್ಳಬಹುದೇ? ಕೂಡದು. ಕೊಡುವುದು ಬೇರೆ, ಕಾಪಾಡುವುದು ಬೇರೆ. ಸಿಸಿಟಿವಿ ಪೆಟ್ಟಿಗೆ ತುಂಬಿದೊಡನೆ ಹಳೆಯದನ್ನು ತಾನೇ ಅಳಿಸುತ್ತದೆ. ಒಳಗಿನ ಡಿಸ್ಕು ಎಷ್ಟು ದೊಡ್ಡದೋ ಅದರ ಮೇಲೆ ಕೆಲವು ದಿನವೋ ಕೆಲವು ವಾರವೋ ಅದರ ಆಯುಷ್ಯ. ಕೋರ್ಟಿನ ಸಮನ್ಸು ಬರುವುದು ತಿಂಗಳುಗಳ ಮೇಲೆ. ಅಷ್ಟರವರೆಗೆ ಚಿತ್ರ ಉಳಿಯಬೇಕಾದರೆ, ಪತ್ರ ಬಂದ ದಿನವೇ ಧಣಿಗಳಿಗೆ ತಿಳಿಸಿ, ಕ್ಯಾಮೆರಾದವರನ್ನು ಕರೆಸಿ, ಆ ಒಂದೆರಡು ಗಂಟೆಯ ಚಿತ್ರವನ್ನು ಪೆನ್ ಡ್ರೈವಿಗೆ ಇಳಿಸಿ ಬೀಗದಲ್ಲಿ ಇಡಿಸಬೇಕು. ಪತ್ರ ಕೊಟ್ಟವರಿಗೆ, "ಕಾಪಾಡಿದ್ದೇವೆ, ಕೋರ್ಟು ಕೇಳಿದರೆ ಕೊಡುತ್ತೇವೆ" ಎಂದು ಎರಡು ಸಾಲು ಬರೆದು ಕೊಟ್ಟರೆ ಸಾಕು. ಇದರಿಂದ ಯಾರ ಗಂಟೂ ಹೋಗುವುದಿಲ್ಲ. ವಾಟ್ಸಾಪಿನಲ್ಲಿ ಸಂದೇಶಗಳು ತಾವಾಗಿ ಮಾಯವಾಗುವ ಏರ್ಪಾಡು ಇದ್ದರೆ ಅದನ್ನೂ ಆ ದಿನವೇ ನಿಲ್ಲಿಸಬೇಕು.

ಇನ್ನೊಂದು ಎಚ್ಚರಿಕೆ. ಈಚಿನ ವರ್ಷಗಳಲ್ಲಿ ಮೋಸಗಾರರು ಫೋನಿನಲ್ಲೇ ಕೋರ್ಟು ನಡೆಸುತ್ತಿದ್ದಾರೆ. "ನಿಮ್ಮ ಹೆಸರಿಗೆ ಸಮನ್ಸು ಬಂದಿದೆ, ಡಿಜಿಟಲ್ ಅರೆಸ್ಟ್ ಆಗಿದ್ದೀರಿ, ಹಣ ಕಟ್ಟಿ" ಎನ್ನುತ್ತಾರೆ. ಡಿಜಿಟಲ್ ಅರೆಸ್ಟ್ ಎಂಬುದು ನಮ್ಮ ಯಾವ ಕಾಯಿದೆಯಲ್ಲಿಯೂ ಇಲ್ಲ. ಯಾವ ಕೋರ್ಟೂ ಸಾಕ್ಷಿಯಿಂದ ಫೋನಿನಲ್ಲಿ ಹಣ ಕೇಳುವುದಿಲ್ಲ. ನಿಜವಾದ ಸಮನ್ಸಿನಲ್ಲಿ ಕೋರ್ಟಿನ ಹೆಸರು, ದಾವೆಯ ನಂಬರು, ಪಕ್ಷಗಾರರ ಹೆಸರು, ಹಾಜರಾಗಬೇಕಾದ ದಿನ ಮತ್ತು ಸ್ಥಳ ಇರುತ್ತವೆ. ಸಂಶಯ ಬಂದರೆ ಇ-ಕೋರ್ಟ್ಸ್ ತಾಣದಲ್ಲಿ ದಾವೆಯ ನಂಬರು ಹಾಕಿ ನೋಡಬಹುದು. ಆಗದಿದ್ದರೆ ಕಾಗದವನ್ನು ಸಂಘದ ಕಚೇರಿಗೆ ತನ್ನಿರಿ. ಯಾರಾದರೂ ಒಬ್ಬರು ಕೋರ್ಟಿಗೇ ಹೋಗಿ ವಿಚಾರಿಸಿ ಬರುತ್ತೇವೆ.

ಸಮನ್ಸು ಬಂದ ಮೇಲೆ

ಕೋರ್ಟಿನ ಸಮನ್ಸು ಬಂದ ಮೇಲೆ "ನಮಗೇಕೆ" ಎನ್ನುವ ಮಾತಿಗೆ ಜಾಗವಿಲ್ಲ. ಸಕಾರಣವಿಲ್ಲದೆ ತಪ್ಪಿಸಿಕೊಂಡರೆ ಕೋರ್ಟು ವಾರಂಟು ಹೊರಡಿಸಬಹುದು, ಆಸ್ತಿ ಜಪ್ತಿ ಮಾಡಬಹುದು, 5,000 ರೂಪಾಯಿಯವರೆಗೆ ದಂಡ ಹಾಕಬಹುದು. ಸಾಕ್ಷಿಯಾಗಬಾರದೆಂದು ದಾಖಲೆಯನ್ನು ಬೇಕೆಂದೇ ಅಳಿಸಿದರಂತೂ ಅದು ಜೈಲಿಗೆ ಹೋಗಬಹುದಾದ ಅಪರಾಧ. ಮೊಬೈಲಿನ ಸಂದೇಶವೂ ಈ ಮಾತಿಗೆ ಹೊರತಲ್ಲ.

ಆದರೆ ಅದೇ ಕಾಯಿದೆ ಸಾಕ್ಷಿಗೂ ಕೆಲವು ಹಕ್ಕುಗಳನ್ನು ಕೊಟ್ಟಿದೆ. ದಂಡದ ಮಾತು ಎಲ್ಲರಿಗೂ ಗೊತ್ತು. ಹಕ್ಕಿನ ಮಾತು ಗೊತ್ತಿಲ್ಲ. ಅವನ್ನು ಒಂದೊಂದಾಗಿ ಹೇಳುತ್ತೇವೆ.

ಮೊದಲನೆಯದು, ಖರ್ಚು. ಸಾಕ್ಷಿಯನ್ನು ಕರೆಸುವ ಪಕ್ಷಗಾರನು ಹೋಗಿಬರುವ ಖರ್ಚನ್ನೂ ಒಂದು ದಿನದ ಹಾಜರಿಯ ಖರ್ಚನ್ನೂ ಕಟ್ಟಬೇಕೆಂದು ನಿಯಮವಿದೆ. ಕೇಳುವುದರಲ್ಲಿ ನಾಚಿಕೆಪಡಬೇಕಾದುದಿಲ್ಲ.

ಎರಡನೆಯದು, ಸ್ಪಷ್ಟತೆ. ಬರೀ ದಾಖಲೆ ತರಬೇಕೋ, ಸಾಕ್ಷಿ ನುಡಿಯಬೇಕೋ, ಎರಡೂ ಮಾಡಬೇಕೋ ಎಂಬುದನ್ನು ಸಮನ್ಸಿನಲ್ಲಿ ಬರೆದಿರಬೇಕು. ಯಾವ ದಾಖಲೆ ಎಂಬುದನ್ನೂ ತಕ್ಕಮಟ್ಟಿಗೆ ವಿವರಿಸಿರಬೇಕು. "ನಿಮ್ಮಲ್ಲಿರುವುದೆಲ್ಲವನ್ನೂ ತನ್ನಿ" ಎಂಬುದು ವಿವರಣೆಯಲ್ಲ.

ಮೂರನೆಯದು, ದಾಖಲೆಯನ್ನು ಮಾತ್ರ ಕೇಳಿದ್ದರೆ ನಾವೇ ಹೋಗಬೇಕೆಂದಿಲ್ಲ. ಬೇರೊಬ್ಬರ ಕೈಯಲ್ಲಿ ಕೋರ್ಟಿಗೆ ತಲುಪಿಸಿದರೂ ಆಜ್ಞೆ ಪಾಲಿಸಿದಂತೆಯೇ. ದಾಖಲೆ ತಂದು ಒಪ್ಪಿಸಿದ ಮಾತ್ರಕ್ಕೆ ತಂದವನು ಸಾಕ್ಷಿಯಾಗುವುದಿಲ್ಲ. ಸಾಕ್ಷಿಯಾಗಿ ಕರೆಯದ ಹೊರತು ಅವನನ್ನು ಯಾವ ವಕೀಲರೂ ಪಾಟೀ ಸವಾಲು ಮಾಡುವಂತಿಲ್ಲ. ನಮ್ಮವರ ಅರ್ಧ ಹೆದರಿಕೆ ಕಟಕಟೆಯದೇ ಆದ್ದರಿಂದ ಈ ಮಾತನ್ನು ನೆನಪಿಡಬೇಕು.

ನಾಲ್ಕನೆಯದು, ದೂರ. ಕೆಲಸ ಬಿಟ್ಟು ಊರು ಸೇರಿದವರಿಗೆ ಮುಂಬಯಿಯ ಕೋರ್ಟಿನಿಂದ ಸಮನ್ಸು ಹೋಗುವುದುಂಟು. ರೈಲಿನ ಸೌಕರ್ಯವಿದ್ದರೂ 500 ಕಿಲೋಮೀಟರು ಅಥವಾ ಅದಕ್ಕಿಂತ ದೂರದಲ್ಲಿ ವಾಸಿಸುವವನನ್ನು ಖುದ್ದಾಗಿ ಬಾ ಎಂದು ಸಾಮಾನ್ಯವಾಗಿ ಆಜ್ಞಾಪಿಸುವಂತಿಲ್ಲ. ವಿಮಾನದ ದಾರಿಯಿದ್ದು ಆ ದರ ಕೊಟ್ಟರೆ ಮಾತು ಬೇರೆ. ಕಮಿಷನರರನ್ನು ನೇಮಿಸಿ ಊರಿನಲ್ಲಿಯೇ ಹೇಳಿಕೆ ಪಡೆಯುವ ದಾರಿಯಿದೆ. ಉಡುಪಿ, ಕುಂದಾಪುರದ ಬಂಧುಗಳು ಸಮನ್ಸನ್ನು ಕಂಡು ಸಾಲ ಮಾಡಿ ರೈಲು ಹತ್ತಬೇಕಾಗಿಲ್ಲ. ಆದರೆ ಸುಮ್ಮನಿರಲೂ ಕೂಡದು. ಕಾರಣವನ್ನು ಬರೆದು ಕೋರ್ಟಿಗೆ ತಿಳಿಸಬೇಕು.

ಇಲ್ಲಿ ಹೇಳಿದ್ದೆಲ್ಲ ಸಿವಿಲ್ ದಾವೆಯ ಮಾತು. ಕ್ರಿಮಿನಲ್ ತನಿಖೆಯಲ್ಲಿ ಪೋಲೀಸು ಅಧಿಕಾರಿಗೆ ತಾನೇ ಬರೆದು ದಾಖಲೆ ಕೇಳುವ ಅಧಿಕಾರವಿದೆ. ಎರಡನ್ನೂ ಬೆರೆಸಿಕೊಳ್ಳಬಾರದು.

ಪ್ರಮಾಣಪತ್ರಕ್ಕೆ ಯಾರು ಸಹಿ ಹಾಕಬೇಕು?

ಖಾತೆ ಪುಸ್ತಕವನ್ನು ತಂದಿಟ್ಟರೆ ನ್ಯಾಯಾಧೀಶರು ಕಣ್ಣಿಂದ ನೋಡಬಹುದು. ಪೆನ್ ಡ್ರೈವಿನಲ್ಲಿರುವುದು ಯಂತ್ರದಿಂದ ಇಳಿಸಿದ ನಕಲು. ನಡುವೆ ಯಾರಾದರೂ ಕೈಯಾಡಿಸಿರಬಹುದು. ಆದುದರಿಂದ ಅದರ ಜೊತೆಗೆ ಒಂದು ಪ್ರಮಾಣಪತ್ರ ಬೇಕು. 2000ದಲ್ಲಿಯೇ ಈ ನಿಯಮ ಬಂದಿತು. 2014ರಲ್ಲಿ ಸುಪ್ರೀಂ ಕೋರ್ಟು ಅದನ್ನು ಕಡ್ಡಾಯವೆಂದಿತು. 2020ರ ಜುಲೈಯಲ್ಲಿ ನಮ್ಮ ಮಹಾರಾಷ್ಟ್ರದ ಜಾಲ್ನಾದ ಚುನಾವಣಾ ಖಟ್ಲೆಯಲ್ಲಿ ಮತ್ತೆ ಹಾಗೆಯೇ ಹೇಳಿತು.

ಆ ಖಟ್ಲೆಯನ್ನು ನಾವು ಮನಸ್ಸಿನಲ್ಲಿಡಬೇಕು. 2014ರ ವಿಧಾನಸಭಾ ಚುನಾವಣೆಯಲ್ಲಿ ನಾಮಪತ್ರವನ್ನು ಗಡುವು ಮೀರಿ ಕೊಟ್ಟರೋ ಇಲ್ಲವೋ ಎಂಬುದು ವಿವಾದ. ಚುನಾವಣಾಧಿಕಾರಿಯ ಕಚೇರಿಯ ವಿಡಿಯೋ ಇತ್ತು. ಆದರೆ ಅದಕ್ಕೆ ಬೇಕಾದ ಪ್ರಮಾಣಪತ್ರ ಎಷ್ಟು ಸಲ ಕೇಳಿದರೂ ಸಿಗಲಿಲ್ಲ. ಸುಪ್ರೀಂ ಕೋರ್ಟು ಹೇಳಿದ್ದು ಇಷ್ಟು: ಪ್ರಮಾಣಪತ್ರ ಬೇಕೇ ಬೇಕು, ಆದರೆ ದಾಖಲೆಯಿರುವ ಮೂರನೆಯವನು ಕೊಡಲೊಲ್ಲೆ ಎಂದರೆ ಪಕ್ಷಗಾರನು ಕೋರ್ಟಿಗೆ ಅರ್ಜಿ ಕೊಟ್ಟು ಅವನಿಂದ ತರಿಸಿಕೊಳ್ಳಬಹುದು, ಮಾಡಬೇಕಾದುದನ್ನೆಲ್ಲ ಮಾಡಿಯೂ ಸಿಗದಿದ್ದರೆ ಆ ತಪ್ಪನ್ನು ಅವನ ತಲೆಗೆ ಕಟ್ಟುವಂತಿಲ್ಲ. ದೊಡ್ಡ ಅಭ್ಯರ್ಥಿಗಳಿಗೇ ಒಂದು ಸಹಿಗಾಗಿ ಇಷ್ಟು ಅಲೆದಾಟವಾದರೆ, ಕಾಲು ಮುರಿದ ಮಾಣಿಯ ಗತಿಯೇನು?

ಹೊಸ ಅಧಿನಿಯಮದ ಪ್ರಕಾರ ಪ್ರಮಾಣಪತ್ರಕ್ಕೆ ಎರಡು ಭಾಗ. ಮೊದಲನೆಯದು ಯಂತ್ರವನ್ನು ನೋಡಿಕೊಳ್ಳುವವರದು, ಎರಡನೆಯದು ಪರಿಣತರದು. ಯಂತ್ರದ ಜಾತಿ, ನಂಬರು, ಮತ್ತು 'ಹ್ಯಾಶ್' ಎಂಬ ಒಂದು ಅಂಕೆ-ಅಕ್ಷರಗಳ ಸಾಲು ಅದರಲ್ಲಿರಬೇಕು. ಗೋಣಿಚೀಲದ ಬಾಯಿಗೆ ಹಾಕುವ ಮೊಹರಿನಂತೆ ಈ ಹ್ಯಾಶ್. ಒಳಗಿನ ಒಂದು ಚುಕ್ಕೆ ಬದಲಾದರೂ ಆ ಸಾಲು ಬದಲಾಗುತ್ತದೆ.

ಈಗ ನಮ್ಮ ಮುಖ್ಯ ಮಾತು. ಕೆಲವು ಕಡೆ ಧಣಿಗಳು, "ಹೇ, ಒಂದು ಸಹಿ ಹಾಕಿ ಬಿಡು, ಕೋರ್ಟಿಗೆ ಹೋಗಿ ಬಾ" ಎಂದು ಮಾಣಿಯನ್ನೋ ಬಿಲ್ಲಿನ ಹುಡುಗನನ್ನೋ ಮುಂದೆ ತಳ್ಳುತ್ತಾರೆ. ಪೆಟ್ಟಿಗೆಯ ಬೀಗದ ಕೈ ಯಾರ ಬಳಿಯಿದೆಯೋ, ಯಂತ್ರದ ಉಸ್ತುವಾರಿ ಯಾರದೋ, ಅವರೇ ಸಹಿ ಹಾಕತಕ್ಕದ್ದು. ಯಂತ್ರವನ್ನು ಮುಟ್ಟದವನು "ನನ್ನ ಉಸ್ತುವಾರಿಯಲ್ಲಿತ್ತು, ಸರಿಯಾಗಿ ನಡೆಯುತ್ತಿತ್ತು" ಎಂದು ಸಹಿ ಹಾಕಿದರೆ ಸುಳ್ಳು ಪ್ರಮಾಣಪತ್ರವಾಗುತ್ತದೆ, ಅದೂ ಅಪರಾಧವೇ. ಓದಿ ತಿಳಿಯದ ಕಾಗದಕ್ಕೆ ಸಹಿ ಹಾಕಬೇಡಿ. ಹೋಟೆಲಿನ ಹೆಸರಿಗೆ ಬಂದ ಸಮನ್ಸನ್ನು ಅಂದೇ ಧಣಿಗಳ ಕೈಗೆ ಕೊಡಿ. ಕೊಟ್ಟ ದಿನವನ್ನು ಬರೆದಿಡಿ, ಕಾಗದದ ಫೋಟೋ ತೆಗೆದಿಡಿ. ನಿಮ್ಮ ಹೆಸರಿಗೇ, ನಿಮ್ಮ ಸ್ವಂತ ಮೊಬೈಲಿನಲ್ಲಿರುವುದಕ್ಕೇ ಸಮನ್ಸು ಬಂದಿದ್ದರೆ, ಮೊಬೈಲನ್ನೇ ಒಯ್ದು ಸಾಕ್ಷಿಯಾಗಿ ನಿಂತು ತೋರಿಸಿದರೆ ಪ್ರಮಾಣಪತ್ರ ಬೇಡವೆಂದು ಅದೇ 2020ರ ತೀರ್ಪು ಹೇಳಿದೆ.

ಕೇಳಿದ್ದಷ್ಟೇ ಕೊಡಿ

ಕಳೆದ ವರ್ಷ ಇಬ್ಬರು ಪಾಲುದಾರರ ಜಗಳದಲ್ಲಿ ಒಬ್ಬರ ಕಡೆಯವರು ನಮ್ಮ ಕಚೇರಿಗೆ ಬಂದರು. ಅವರ ಹೋಟೆಲಿನ ಕೆಲಸಗಾರರು ನಮ್ಮ ವಾಟ್ಸಾಪ್ ಗುಂಪಿನಲ್ಲಿ ಸಂಬಳದ ಬಾಕಿಯ ಬಗ್ಗೆ ಬರೆದಿದ್ದರು. ಆ ಸಂದೇಶಗಳೂ ಗುಂಪಿನ ಎಲ್ಲ ಸದಸ್ಯರ ಹೆಸರು-ನಂಬರುಗಳೂ ಬೇಕೆಂದರು. ಕೈಯಲ್ಲಿ ಕೋರ್ಟಿನ ಕಾಗದವಿರಲಿಲ್ಲ. ನಾವು ಕೊಡಲಿಲ್ಲ. "ಕೋರ್ಟಿಗೆ ಎಳೆಸುತ್ತೇವೆ" ಎಂದು ಗದರಿಸಿ ಹೋದರು.

ಆ ಸಂಜೆ ಸಮಿತಿಯಲ್ಲಿ ದೊಡ್ಡ ಚರ್ಚೆಯಾಯಿತು. ಕೆಲವರು, "ಎಲ್ಲವನ್ನೂ ಅಳಿಸಿಬಿಡೋಣ, ಇಲ್ಲದ್ದನ್ನು ಯಾರು ಕೇಳಿಯಾರು?" ಎಂದರು. ಬಡವನಿಗೆ ಸುಲಭವಾಗಿ ತೋಚುವ ಬುದ್ಧಿ ಇದು. ಆದರೆ ತಪ್ಪು ಬುದ್ಧಿ. ದಾವೆಯ ಸುಳಿವು ಸಿಕ್ಕ ಮೇಲೆ ಅಳಿಸುವುದು ಅಪರಾಧಕ್ಕೆ ಕೈಹಾಕಿದಂತೆ. ಅದೂ ಅಲ್ಲದೆ, ಬಾಕಿ ಸಂಬಳದ ಕುರುಹು ಇರುವುದೂ ಅದೇ ಸಂದೇಶಗಳಲ್ಲಿ. ಬೇರೆ ಕೆಲವರು, "ಎಲ್ಲವನ್ನೂ ಕೊಟ್ಟು ಕೈತೊಳೆದುಕೊಳ್ಳೋಣ" ಎಂದರು. ಅದೂ ತಪ್ಪು. ಆ ಗುಂಪಿನಲ್ಲಿ ಒಬ್ಬನ ಹೆಂಡತಿಯ ಕಾಯಿಲೆಯಿದೆ, ಇನ್ನೊಬ್ಬನ ಸಾಲವಿದೆ, ಧಣಿಗಳ ಮೇಲೆ ಬೈದದ್ದಿದೆ. ಅವೆಲ್ಲವೂ ಬೇರೆಯವರ ಗುಟ್ಟು. ಕೊಡಲು ನಾವು ಯಾರು?

ನಾವು ಕೊನೆಗೆ ನಿಶ್ಚಯಿಸಿದ್ದು ಇದು: ಅಳಿಸುವುದಿಲ್ಲ. ಯಾರಿಗೂ ಸುಮ್ಮನೆ ಕೊಡುವುದಿಲ್ಲ. ಕೋರ್ಟು ಇಂತಹ ದಿನದಿಂದ ಇಂತಹ ದಿನದವರೆಗಿನ, ಇಂತಹ ವಿಷಯದ ಸಂದೇಶ ಎಂದು ಕೇಳಿದರೆ ಅಷ್ಟನ್ನೇ ಕೊಡುತ್ತೇವೆ. ಹದ್ದುಮೀರಿ ಕೇಳಿದರೆ ಆ ದಿನ ಕೋರ್ಟಿಗೆ ಹೋಗಿ, "ಸ್ವಾಮೀ, ಇಷ್ಟು ಈ ದಾವೆಗೆ ಸಂಬಂಧಿಸಿದ್ದಲ್ಲ, ಇದರಲ್ಲಿ ಪರರ ಗುಟ್ಟಿದೆ" ಎಂದು ಬರವಣಿಗೆಯಲ್ಲಿ ತಕರಾರು ಸಲ್ಲಿಸುತ್ತೇವೆ. ತಕರಾರಿದ್ದರೂ ದಾಖಲೆಯನ್ನು ಒಯ್ಯಬೇಕು; ತಕರಾರು ಸರಿಯೋ ತಪ್ಪೋ ಎಂದು ತೀರ್ಮಾನಿಸುವವರು ನ್ಯಾಯಾಧೀಶರು, ನಾವಲ್ಲ.

ಈ ತಕರಾರು ಬಡವನ ಜಂಬವಲ್ಲ. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರು ಹೂಡಿದ ಖಟ್ಲೆಯಲ್ಲಿಯೇ, 2017ರ ಆಗಸ್ಟ್ 24ರಂದು, ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳು ಖಾಸಗಿತನವು ಮೂಲಭೂತ ಹಕ್ಕು ಎಂದು ಒಕ್ಕೊರಲಿನಿಂದ ಸಾರಿದರು. ಆ ಹಕ್ಕು ಬಂಗಲೆಯವರಿಗೆ ಎಷ್ಟೋ ಹತ್ತು ಮಂದಿ ಮಲಗುವ ಖೋಲಿಯವನಿಗೂ ಅಷ್ಟೇ.

ಬ್ಯಾಂಕಿನವರಿಗೊಂದು, ನಮಗೊಂದು

ಇಷ್ಟೆಲ್ಲ ಹೇಳಿದ ಮೇಲೂ ಒಂದು ನ್ಯಾಯವಾದ ಪ್ರಶ್ನೆ ಉಳಿಯುತ್ತದೆ. "ಒಂದು ದಿನ ಕೋರ್ಟಿನಲ್ಲಿ ಕುಳಿತರೆ ಒಂದು ದಿನದ ಸಂಬಳ ಹೋಯಿತು. ಅಂದು ನ್ಯಾಯಾಧೀಶರು ಬರದಿದ್ದರೆ ಇನ್ನೊಂದು ದಿನ. ಪರಿಣತರ ಶುಲ್ಕ ಬೇರೆ. ಇದನ್ನೆಲ್ಲ ಯಾರು ಕೊಡುತ್ತಾರೆ?" ಎಂದು ನಮ್ಮ ಬಂಧುಗಳು ಕೇಳುತ್ತಾರೆ. ಈ ಪ್ರಶ್ನೆಯನ್ನು ನಾವು ತಳ್ಳಿಹಾಕುವುದಿಲ್ಲ. ಖರ್ಚು ಕೊಡುವ ನಿಯಮವಿದೆ ನಿಜ. ಆದರೆ ಕೈಗೆ ಬರುವ ಆ ದುಡ್ಡು ಹೋದ ಕೂಲಿಗೆ ಸಮವಾಗುವುದು ಅಪರೂಪ.

ಇಲ್ಲಿ ಒಂದು ಹಳೆಯ ಕಾಯಿದೆಯನ್ನು ನೆನಪಿಸಬೇಕು. 1891ರಲ್ಲಿ, ಬ್ರಿಟಿಷರ ಕಾಲದಲ್ಲಿ, ಬ್ಯಾಂಕುಗಳ ಲೆಕ್ಕಪುಸ್ತಕದ ಸಾಕ್ಷ್ಯದ ಕಾಯಿದೆ ಬಂತು. ಬ್ಯಾಂಕು ಪಕ್ಷಗಾರನಲ್ಲದ ಖಟ್ಲೆಯಲ್ಲಿ, ವಿಶೇಷ ಕಾರಣಕ್ಕಾಗಿ ನ್ಯಾಯಾಧೀಶರು ಆಜ್ಞೆ ಮಾಡಿದ ಹೊರತು, ಬ್ಯಾಂಕಿನ ಅಧಿಕಾರಿಯನ್ನು ಪುಸ್ತಕ ಹೊತ್ತು ಬಾ ಎಂದು ಒತ್ತಾಯಿಸುವಂತಿಲ್ಲ. ದೃಢೀಕರಿಸಿದ ನಕಲು ಸಾಕು. ಒಳ್ಳೆಯ ಕಾಯಿದೆ. ದಿನವೂ ಕೋರ್ಟಿಗೆ ಓಡಿದರೆ ಬ್ಯಾಂಕಿನ ಕೆಲಸ ಕೆಟ್ಟೀತೆಂದು ಅಂದೇ ತಿಳಿದರು. ಹಾಗಾದರೆ ಗಲ್ಲಾ ಬಿಟ್ಟು ಓಡಿದರೆ ಹೋಟೆಲಿನವನ ಕೆಲಸ ಕೆಡುವುದಿಲ್ಲವೇ? ಬ್ಯಾಂಕಿನ ಮ್ಯಾನೇಜರಿಗೆ ಆ ದಿನದ ಸಂಬಳ ಬರುತ್ತದೆ. ಮಾಣಿಗೆ ಬರುವುದಿಲ್ಲ. ಸೌಕರ್ಯ ಯಾರಿಗೆ ಹೆಚ್ಚು ಬೇಕಿತ್ತೋ ಅವನಿಗೇ ಸಿಕ್ಕಿಲ್ಲ.

ಆದುದರಿಂದ ನಮ್ಮ ಬೇಡಿಕೆ ಸ್ಪಷ್ಟವಾಗಿದೆ. ಪಕ್ಷಗಾರರಲ್ಲದ ಸಣ್ಣ ಅಂಗಡಿ, ಹೋಟೆಲು, ಸಂಘ, ಕೆಲಸಗಾರ, ಇವರಿಂದ ದಾಖಲೆ ಬೇಕಾದಾಗ ನಕಲು ಮತ್ತು ಪ್ರಮಾಣಪತ್ರವನ್ನೇ ಮೊದಲು ಕೇಳಬೇಕು. ನಿಜವಾದ ವಿವಾದವಿದ್ದರೆ ಮಾತ್ರ ಆಳನ್ನು ಕರೆಸಬೇಕು. ನುಡಿಸಾಕ್ಷಿ ಬೇಕೆಂದರೆ ವಿಡಿಯೋ ಮೂಲಕ ಪಡೆಯುವ ಸೌಕರ್ಯವನ್ನು ಕೂಲಿಕಾರನಿಗೂ ಮುಕ್ತವಾಗಿ ಕೊಡಬೇಕು. ಖರ್ಚೆಂದರೆ ಬಸ್ಸಿನ ಟಿಕೆಟಷ್ಟೇ ಅಲ್ಲ, ಹೋದ ದಿನದ ಕೂಲಿಯೂ ಸೇರಬೇಕು. ಪರಿಣತರ ಶುಲ್ಕವನ್ನು ದಾಖಲೆ ಕೇಳಿದವನೇ ಕೊಡಬೇಕು. ಸಮನ್ಸಿನ ಜೊತೆಗೆ ಸಾಕ್ಷಿಯ ಹಕ್ಕುಗಳನ್ನು ಅವನಿಗೆ ತಿಳಿಯುವ ಭಾಷೆಯಲ್ಲಿ ಅಚ್ಚುಮಾಡಿದ ಚೀಟಿ ಇರಬೇಕು.

ಕೊನೆಯ ಮಾತು

ಗಿರಣಿಯ ಹಿರಿಯ ಬಂಧುಗಳಿಗೆ ಇದು ಹೊಸ ಪಾಠವಲ್ಲ. 1982ರ ಜನವರಿ 18ರಂದು ಆರಂಭವಾದ ಮುಷ್ಕರದ ನಂತರ ಗಿರಣಿಗಳು ಒಂದೊಂದಾಗಿ ಮುಚ್ಚಿದಾಗ, ಇಷ್ಟು ವರ್ಷ ದುಡಿದೆವು ಎಂದು ತೋರಿಸುವ ಹಾಜರಿ ಪುಸ್ತಕ ದುಡಿದವನ ಕೈಯಲ್ಲಿರಲಿಲ್ಲ. ಒಂದು ಹಳೆಯ ಪಾಸು, ಒಂದು ಭವಿಷ್ಯನಿಧಿಯ ಚೀಟಿಗಾಗಿ ಮನೆಯ ಟ್ರಂಕುಗಳನ್ನು ಮಗುಚಿ ಹುಡುಕಿದ್ದನ್ನು ಅವರು ಮರೆತಿಲ್ಲ. ಇಂದು ನಮ್ಮ ದುಡಿಮೆಯ ಲೆಕ್ಕ ಬೆರಳಿನ ಯಂತ್ರದಲ್ಲಿದೆ. ಆ ಯಂತ್ರ ಗುತ್ತಿಗೆದಾರನದು. ಸಂಬಳದ ಗುರುತು ಬ್ಯಾಂಕಿನಲ್ಲಿದೆ. ರಾತ್ರಿ ಎಷ್ಟು ಗಂಟೆಗೆ ಹೊರಬಿದ್ದೆವೆಂಬುದು ಎದುರಿನ ಅಂಗಡಿಯ ಕ್ಯಾಮೆರಾದಲ್ಲಿದೆ. ನಾಳೆ ಬಾಕಿ ಕೂಲಿಗೋ ಗ್ರಾಚ್ಯುಟಿಗೋ ಪರಿಹಾರಕ್ಕೋ ನಾವು ನ್ಯಾಯ ಕೇಳಿದಾಗ ನಮ್ಮ ಸಾಕ್ಷಿಯೆಲ್ಲ ಮೂರನೆಯವನ ಕೈಯಲ್ಲೇ. ಅವನೂ "ಯಾರದೋ ದಾವೆ, ನಮಗೇಕೆ" ಎಂದರೆ ನಮ್ಮ ಗತಿಯೇನು? ಇಂದು ನಾವು ಮೂರನೆಯವರು. ನಾಳೆ ನಾವೇ ವಾದಿಗಳು.

ಕೈಗಾರಿಕಾ ಕಾರ್ಮಿಕನಿಗೆ ಉಚಿತ ಕಾನೂನು ನೆರವು ಸಿಗಬೇಕೆಂದು 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯಿದೆಯಲ್ಲಿಯೇ ಇದೆ. ಅರ್ಜಿ ಬರೆಯಲು ಬಾರದವರಿಗೆ ನಾವು ಬರೆದು ಕೊಡುತ್ತೇವೆ. ಇನ್ನು ಮುಂದೆ ಸದಸ್ಯರಿಗೆ ಬಂದ ಕೋರ್ಟಿನ ಕಾಗದಗಳಿಗೆಂದೇ ಸಂಘದಲ್ಲಿ ಒಂದು ಪುಸ್ತಕ ಇಡಲು ಸಮಿತಿ ಒಪ್ಪಿದೆ: ಬಂದ ದಿನ, ಹಾಜರಾಗುವ ದಿನ, ಏನು ಕೇಳಿದ್ದಾರೆ, ಏನು ಕೊಟ್ಟೆವು, ಯಾರ ಕೈಗೆ ಕೊಟ್ಟೆವು.

ನಮ್ಮ ಆ ಸದಸ್ಯರು ಕಳೆದ ತಿಂಗಳು ಕಚೇರಿಗೆ ಬಂದಿದ್ದರು. ಅದೇ ಹೋಟೆಲಿನ ಗಲ್ಲಾದವರೇ ಅವರ ಕೈಹಿಡಿದು ಮೆಟ್ಟಿಲು ಹತ್ತಿಸಿದರು. ಮುಖ ಬಾಡಿಸಿಕೊಂಡು ನಿಂತ ಅವರು ನಮಗೆ ಒಂದೇ ಮಾತು ಹೇಳಿದರು: "ಆ ದಿನ ಯಾರಾದರೂ ನನಗೆ ಇಷ್ಟು ಹೇಳಿದ್ದರೆ ಸಾಕಿತ್ತು." ಬಂಧುಗಳೇ, ಅವರಿಗೆ ಅಂದು ಹೇಳಲಾಗದ್ದನ್ನು ನಿಮಗೆ ಇಂದು ಹೇಳಿದ್ದೇವೆ. ಕೋರ್ಟಿನ ಕಾಗದ ಬಂದರೆ ಬೆದರಬೇಡಿ, ಬಚ್ಚಿಡಬೇಡಿ, ಅಳಿಸಬೇಡಿ. ಸಂಘಕ್ಕೆ ತನ್ನಿರಿ.